ಅರ್ಧ ಇಂಚು

ಮೊದಲು ಪ್ಲಗ್ಗು ಕೀಳಬೇಕು.
ಆಮೇಲೆ ಕೆಂಪು ಹಗ್ಗ ಜಗ್ಗಿ
ಬಾಗಿಲನ್ನು ಮೋಟಾರಿನ ಹಿಡಿತದಿಂದ ಬಿಡಿಸಬೇಕು.
ಇಷ್ಟು ಗೊತ್ತಿತ್ತು ನನಗೆ. ಉಳಿದದ್ದೆಲ್ಲ
ಸ್ಟೂಲು ಹತ್ತಿದ ಮೇಲೆ ಕಲಿತದ್ದು.

ವಾಸ್ಕೋದಲ್ಲಿ, ಮಂಗೋರ್ ಗುಡ್ಡದ ಮೇಲೆ,
ನಮ್ಮಂಥವರ ಮನೆಗೆ ಗ್ಯಾರೇಜು ಇದ್ದದ್ದೇ ಹೆಚ್ಚು,
ಅದಕ್ಕೆ ತಾನೇ ಏರುವ ಬಾಗಿಲು ಬೇರೆ!
ಲಿಸ್ಬನ್ನಿಗೆ ಹೊರಟವರೊಬ್ಬರು
ಫ್ರಿಜ್ಜು, ಪಿಯಾನೋ, ನಾಯಿಯನ್ನೂ ಹಂಚಿ ಮುಗಿಸಿ
ಕೊನೆಗೆ ಕಂಬಿಯನ್ನು ನನ್ನ ಹೆಗಲಿಗೆ,
ಮೋಟಾರು ಸರಪಳಿಗಳನ್ನು ಗೋಣಿಚೀಲಕ್ಕೆ ಹಾಕಿದರು.
ರೊಕ್ಕ ಎಷ್ಟು ಅಂದರೆ
ನಾಯಿಯನ್ನು ಆಗಾಗ ಹೋಗಿ ನೋಡು, ಸಾಕು, ಅಂದರು.
ನಾಯಿ ಈಗ ಇಲ್ಲ.

ಆರು ವರ್ಷಕ್ಕೆ ಸರಪಳಿ ಜೋತುಬಿತ್ತು,
ತೊಳೆದು ಒಣಹಾಕಿದ ಲಾಡಿಯ ಹಾಗೆ.
ರಾತ್ರಿ ಹನ್ನೊಂದೂವರೆಗೆ
ನೀಲಗಂಗಾ ಆಸ್ಪತ್ರೆಯ ಪಾಳಿ ಮುಗಿಸಿ ಬಂದು
ಗುಂಡಿ ಒತ್ತಿದರೆ ಕಟಕಟ, ಧಡಲ್, ಕಟಕಟ,
ಕಂಬಿಗೆ ಬಡಿಬಡಿದುಕೊಂಡು ಏರುವುದು ಬಾಗಿಲು,
ಬಂದರಿನ ಅದಿರೆಲ್ಲ ನಮ್ಮ ತಲೆದಿಂಬಿನಡಿ ಹಾದಂತೆ.
ಗೋಡೆಯಾಚೆಯಿಂದ ಎಸ್ಪೆರಾನ್ಸಾ ಆಂಟಿ:
ಪುತಾ, ಆ ದೆವ್ವಕ್ಕೊಂದಿಷ್ಟು ಎಣ್ಣೆಯಾದರೂ ಕುಡಿಸೋ!

ಸರಿ, ಹತ್ತಿದೆ.
ಮೂವತ್ತೊಂದು ವರ್ಷ ತೂಕದ ಕಟ್ಟೆಯಲ್ಲಿ ಗುಮಾಸ್ತನಾಗಿ
ಊರ ಕಬ್ಬಿಣವನ್ನೆಲ್ಲ ಬರೆದುಕೊಂಡವನು,
ಮುಟ್ಟಿದವನಲ್ಲ.
ಎರಡು ಕೈಗೆ ಎರಡು ಪಾನಾ, ಬಾಯಲ್ಲಿ ಟಾರ್ಚು.
ಕೀಲುಕೀಲಿಗೂ ಮೆತ್ತಿದ ಕಪ್ಪು,
ಹಳೇ ಗ್ರೀಸಿನಲ್ಲಿ ಕಲಸಿಹೋದ ಕಲ್ಲಿದ್ದಲ ಹುಡಿ;
ಈ ಊರಲ್ಲಿ ಅದು ಬಡಿಸಿದ ಅನ್ನದ ಮೇಲೂ ಕೂರುತ್ತದೆ.
ಹೊರಗಿನ ನಟ್ಟು ಸಡಿಲಿಸು. ಒಳಗಿನದಕ್ಕೆ ಕಾಲು ಸುತ್ತು.
ಇಳಿ, ನೋಡು. ಹತ್ತು. ಮತ್ತೆ ಕಾಲು ಸುತ್ತು.
ಹುಮ್ಮಸ್ಸಿನಲ್ಲಿ ಬಿಗಿದದ್ದು ಹೆಚ್ಚಾಗಿ
ತಂಬೂರಿಯ ತಂತಿಯಾಯಿತು, ಮೀಟಿದರೆ ಗುಂಯ್ ಎಂದಿತು.
ಪ್ಲಗ್ಗು ಹಾಕಿದರೆ ಹಲ್ಲುಚಕ್ರ ಮುಲುಗಿತು, ಹೆರಿಗೆಯ ಎಮ್ಮೆ.
ಮತ್ತೆ ಬಿಚ್ಚಿದೆ.
ನಟ್ಟನಡುವೆ ಅರ್ಧ ಇಂಚು ಜೋಲು ಇರಲೇಬೇಕಂತೆ.
ಅಳೆಯಲು ಅವಳ ಹೊಲಿಗೆ ಡಬ್ಬಿಯಿಂದ ಟೇಪು ತಂದೆ.
ಅದರ ತುದಿಗೆ ಗ್ರೀಸಾಗಿದೆ.
ಅದರ ಬೈಗುಳ ಇನ್ನೂ ಬಾಕಿ.

ಆ ರಾತ್ರಿ ಹನ್ನೊಂದೂವರೆಗೆ ಏನೂ ಆಗಲಿಲ್ಲ.
ಎಚ್ಚರಾದಾಗ ಹನ್ನೆರಡು ದಾಟಿ ಹತ್ತು ನಿಮಿಷ.
ಪಕ್ಕದ ದಿಂಬು ತಣ್ಣಗೆ, ಮಡಿಕೆ ಮುರಿಯದೆ.
ಚಿಕಲೀಂ ತಿರುವು, ಲಾರಿಗಳು, ದೀಪವಿಲ್ಲದ ಆ ಇಳಿಜಾರು,
ಎಲ್ಲ ಒಟ್ಟಿಗೆ ಎದೆಗೆ ಬಂದು ಗುದ್ದಿದವು.
ಬರಿಗಾಲಲ್ಲೇ ಓಡಿ
ಅಡುಗೆಮನೆಯ ಕಡೆಯ ಬಾಗಿಲು ಬೆರಳಷ್ಟು ತೆರೆದೆ.

ಕಾರು ಇತ್ತು.
ಇಂಜಿನ್ನು ಟಿಕ್ ಟಿಕ್ಕೆನ್ನುತ್ತ ಆರುತ್ತಿತ್ತು.
ಒಳಗಿನ ಸಣ್ಣ ದೀಪದಡಿ ನೀಲಗಂಗಾ,
ಸೀಟು ಹಿಂದಕ್ಕೆ ವಾಲಿಸಿ, ಚಪ್ಪಲಿ ಕಳಚಿ,
ಎರಡೂ ಕಾಲು ಡ್ಯಾಶ್‌ಬೋರ್ಡಿನ ಮೇಲಿಟ್ಟು
ಪೊಟ್ಟಣದಿಂದ ಒಂದೊಂದೇ ಶೇಂಗಾ ಸುಲಿದು
ತಿನ್ನುತ್ತಿದ್ದಳು, ಎಲ್ಲಿಯೂ ನೋಡದೆ.
ಇಪ್ಪತ್ತೆರಡು ವರ್ಷದಲ್ಲಿ ಆ ಮುಖ ನಾನು ಕಂಡಿರಲಿಲ್ಲ.
ಯಾರ ಜ್ವರದ ಲೆಕ್ಕವೂ ಅದರಲ್ಲಿರಲಿಲ್ಲ,
ನನ್ನದೂ.

ಬಾಗಿಲು ಕೂಗುತ್ತಿತ್ತು, ನಾನು ಏಳುತ್ತಿದ್ದೆ,
ಸಾರು ಕುದಿಯುತ್ತಿತ್ತು, ಅವಳು ಒಳಗೆ ಬರಲೇಬೇಕಾಗುತ್ತಿತ್ತು.
ಪ್ರೀತಿ ಅಂತಲೇ ಕಾಯಿಸುತ್ತಿದ್ದೆ ಸಾರು.

ಹೋಗಿ ಮಲಗಿದೆ.
ಅವಳು ಬಂದಾಗ ಗೊರಕೆ ಹೊಡೆದೆ, ತುಸು ಹೆಚ್ಚೇ.

ಬೆಳಿಗ್ಗೆ ಎಸ್ಪೆರಾನ್ಸಾ ಆಂಟಿ, ಕಣ್ಣು ಕೆಂಪು:
ನಿನ್ನೆ ನಿನ್ನ ಹೆಂಡತಿ ಬರಲೇ ಇಲ್ಲವೇನೋ?
ಆ ದೆವ್ವ ಕೂಗಿದ ಮೇಲೇ ನಾನು ದೀಪ ಆರಿಸೋದು.
ರಾತ್ರಿಯಿಡೀ ಉರೀತು ನೋಡು, ಬಿಲ್ಲು ನೀನೇ ಕಟ್ಟು.
ಬಂದಳು ಆಂಟಿ, ಅಂದೆ.
ಎಷ್ಟೊತ್ತಿಗೆ?
ಗೊತ್ತಿಲ್ಲ, ಅಂದೆ. ನಾಲಿಗೆಗೆ ಹೊಸದಾಗಿತ್ತು ಆ ಮಾತು.

ಪಾನಾ ಎರಡೂ ಇನ್ನೂ ಸ್ಟೂಲಿನ ಮೇಲೇ ಇವೆ.
ಒಂದೇ ಒಂದು ಸುತ್ತು ಸಡಿಲಿಸಿದರೆ
ಮತ್ತೆ ಕೂಗೀತು.
ಈಗ ಕಾರು ಒರೆಸಲು ಹೋದರೆ
ಬ್ರೇಕಿನ ಕೆಳಗೆ ಮೂರು ನಾಲ್ಕು ಶೇಂಗಾ ಸಿಪ್ಪೆ.
ಸುತ್ತಲೂ ಒರೆಸಿ
ಅವನ್ನು ಅಲ್ಲೇ ಬಿಟ್ಟೆ.